ನಾವು ಬರುವ ತನಕ ಸಿನಿಮಾ ಇರಲಿ

ಇವರಿಗೆ,
ಕನ್ನಡ ಸಿನಿಮಾ ನಿರ್ಮಾಪಕರು, ವಿತರಕರು ಮತ್ತು ಚಿತ್ರಮಂದಿರಗಳ ಮಾಲೀಕರು

ವಿಷಯ: ‘ಜನ ಥಿಯೇಟರಿಗೆ ಬರುತ್ತಿಲ್ಲ’ ಎಂಬ ನಿಮ್ಮ ದೂರಿನ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ದಾವಣಗೆರೆಯವಳು. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಸಿನಿಮಾ ನೋಡುವುದು ನನಗೆ ಹವ್ಯಾಸ ಅಂದರೆ ಕಡಿಮೆಯಾಯಿತು, ಚಟ ಅನ್ನಿ. ನಾನು ವಿಮರ್ಶಕಿ ಅಲ್ಲ. ಚಿತ್ರರಂಗದಲ್ಲಿ ನನಗೆ ಒಬ್ಬರ ಪರಿಚಯವೂ ಇಲ್ಲ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ನೋಡುವವಳು, ಅಷ್ಟೇ. ಆ ಒಂದು ಸಲಿಗೆಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಪ್ರೆಸ್‌ಮೀಟುಗಳಲ್ಲಿ ಒಂದು ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಒಳ್ಳೆ ಸಿನಿಮಾ ಮಾಡಿದರೆ ಕನ್ನಡಿಗರು ನೋಡಲ್ಲ, ಬೇರೆ ಭಾಷೆಯ ಸಿನಿಮಾಗೆ ಮುಗಿಬೀಳುತ್ತಾರೆ, ಆಮೇಲೆ ಮೊಬೈಲಿನಲ್ಲಿ ನೋಡಿ ‘ಅಯ್ಯೋ ಚೆನ್ನಾಗಿತ್ತಲ್ಲ’ ಅಂತಾರೆ ಅನ್ನುವ ಮಾತು. ಒಬ್ಬರು ಕಣ್ಣೀರು ಹಾಕಿಕೊಂಡು ಹೇಳುತ್ತಾರೆ. ಇನ್ನೊಬ್ಬರು ಗದರುತ್ತಾರೆ. ಮತ್ತೊಬ್ಬರು ಕೈ ಮುಗಿದು ‘ಕನ್ನಡ ಸಿನಿಮಾ ಉಳಿಸಿ’ ಅನ್ನುತ್ತಾರೆ. ಮೂರೂ ಥರದವರು ನಮ್ಮ ಕಡೆಗೇ ಬೆರಳು ತೋರಿಸುತ್ತಾರೆ. ನಮ್ಮ ಕಡೆಯ ಮಾತನ್ನೂ ಒಮ್ಮೆ ಯಾರಾದರೂ ಹೇಳಬೇಕಲ್ವಾ?

ಜನ ಬರಲ್ಲ ಅನ್ನುವುದನ್ನೇ ಮೊದಲು ನೋಡೋಣ. 2025ರ ಜುಲೈ 25ಕ್ಕೆ ‘ಸು ಫ್ರಮ್ ಸೋ’ ಬಂತು. ಕರಾವಳಿಯ ಒಂದು ಪುಟ್ಟ ಊರು, ಒಂದು ದೆವ್ವದ ಸುದ್ದಿ, ಊರ ತುಂಬ ಕಿತಾಪತಿ ಜನ. ನಿರ್ದೇಶಕರಿಗೆ ಅದು ಮೊದಲ ಸಿನಿಮಾ. ದೊಡ್ಡ ಕಟೌಟು ಇಲ್ಲ, ಹಾಲಿನ ಅಭಿಷೇಕ ಇಲ್ಲ. ಶುಕ್ರವಾರ ನೋಡಿದವರು ಶನಿವಾರ ಇನ್ನೊಬ್ಬರಿಗೆ ಹೇಳಿದರು. ಭಾನುವಾರದ ಹೊತ್ತಿಗೆ ಟಿಕೆಟ್ ಸಿಗುತ್ತಿರಲಿಲ್ಲ. ನಾನು ನೋಡಿದ ಶೋನಲ್ಲಿ ತೆರೆ ಮೇಲೆ ರವಿಯಣ್ಣನ ಪಾತ್ರ ಬಂದು ಸುಮ್ನೆ ನಿಂತರೂ ಜನ ನಗುತ್ತಿದ್ದರು. ಆ ನಗುವಿನಲ್ಲಿ ಮುಂದಿನ ಮಾತು ಕೇಳಿಸದೆ ಹೋಯಿತು, ಅದಕ್ಕೂ ನಕ್ಕರು. ಮಂಗಳೂರು ಕಡೆಯ ಮಾತು ನಮಗೆ ದೂರ ಅಂತ ಯಾರೂ ಎದ್ದು ಹೋಗಲಿಲ್ಲ.

ಅದಕ್ಕೂ ಮೊದಲು ‘ಕಾಂತಾರ’. 2022ರ ಸೆಪ್ಟೆಂಬರ್ 30ಕ್ಕೆ ಅದು ಬಂದಿದ್ದು ಕನ್ನಡದಲ್ಲಿ ಮಾತ್ರ. ಇಲ್ಲಿನ ಜನ ನೋಡಿ, ಕುಣಿದು, ಊರೆಲ್ಲ ಹೇಳಿಕೊಂಡು ಬಂದ ಮೇಲೆ ಎರಡು ವಾರಕ್ಕೆ ಬೇರೆ ಭಾಷೆಗೆ ಡಬ್ ಆಯಿತು. ಇನ್ನೂ ಹಿಂದಕ್ಕೆ ಹೋದರೆ ‘ಮುಂಗಾರು ಮಳೆ’. 2006ರ ಡಿಸೆಂಬರ್ ಕೊನೆಯಲ್ಲಿ ಬಂದ ಆ ಸಿನಿಮಾ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಜಾಸ್ತಿ ಓಡಿತು. ಗಣೇಶ್ ಆಗ ಇನ್ನೂ ಸ್ಟಾರ್ ಆಗಿರಲಿಲ್ಲ. ಜನರೇ ಮಾಡಿದರು. ಈ ಮೂರೂ ಸಿನಿಮಾಗಳಿಗೆ ಒಂದು ಭಾಗ್ಯ ಇತ್ತು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಜನ ಟಿಕೆಟ್ ಕೇಳಲು ಬಂದಾಗ, ಸಿನಿಮಾ ಇನ್ನೂ ಥಿಯೇಟರಿನಲ್ಲಿತ್ತು.

ನನ್ನ ದೂರು ಇಷ್ಟೇ. ಹೆಚ್ಚಿನ ಸಣ್ಣ ಸಿನಿಮಾಗಳಿಗೆ ಆ ಭಾಗ್ಯ ಇಲ್ಲ. ಸುದ್ದಿ ನಮ್ಮೂರಿಗೆ ಮುಟ್ಟುವಷ್ಟರಲ್ಲಿ ಸಿನಿಮಾ ಹೋಗಿರುತ್ತದೆ.

‘ರಂಗಿತರಂಗ’ದ ಕತೆ ನಿಮಗೆ ನೆನಪಿರಬೇಕು. 2015ರ ಜುಲೈ ಮೊದಲ ವಾರ ಬಿಡುಗಡೆ. ಹೆಚ್ಚಿನವರು ಹೊಸಬರು. ನೋಡಿದವರೆಲ್ಲ ಹೊಗಳುತ್ತಿದ್ದರು. ಸರಿಯಾಗಿ ಒಂದು ವಾರಕ್ಕೆ ‘ಬಾಹುಬಲಿ’ ಬಂತು. ಚೆನ್ನಾಗಿ ಓಡುತ್ತಿದ್ದ ಸಿನಿಮಾವನ್ನು ಮಲ್ಟಿಪ್ಲೆಕ್ಸುಗಳು ತೆಗೆಯಲು ಹೊರಟವು. ಜನರೇ ಗಲಾಟೆ ಮಾಡಿ ಉಳಿಸಿಕೊಂಡರು. ಆಮೇಲೆ ಅದು ಎಷ್ಟು ದಿನ ಓಡಿತು ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪ್ರತಿ ಸಲವೂ ಜನ ಗಲಾಟೆ ಮಾಡಿಯೇ ಉಳಿಸಿಕೊಳ್ಳಬೇಕು ಅಂದರೆ ಹೇಗೆ? ನಮಗೂ ಮನೆ, ಕೆಲಸ ಇದೆ.

ನಮ್ಮೂರಲ್ಲಿ ಆದದ್ದು ಒಂದು ಹೇಳುತ್ತೇನೆ. ಥಿಯೇಟರಿನ ಹೆಸರು ಬೇಡ, ಸಿನಿಮಾದ ಹೆಸರೂ ಬೇಡ. ಹೊಸ ಹುಡುಗರು ಕಷ್ಟಪಟ್ಟು ಮಾಡಿದ ಸಿನಿಮಾ, ಬೆಂಗಳೂರಿನಲ್ಲಿ ನೋಡಿದವರು ಚೆನ್ನಾಗಿದೆ ಅಂದಿದ್ದರು. ಇಡೀ ದಾವಣಗೆರೆಗೆ ದಿನಕ್ಕೆ ಎರಡು ಶೋ. ಒಂದು ಬೆಳಗ್ಗೆ ಹತ್ತಕ್ಕೆ, ಇನ್ನೊಂದು ಸಂಜೆ ಆರೂಮುಕ್ಕಾಲಿಗೆ. ಆಪಿನಲ್ಲಿ ಸಂಜೆಗೆ ಎರಡು ಟಿಕೆಟ್ ತಗೊಂಡೆ. ಬ್ಯಾಂಕ್ ಮುಗಿಸಿ, ನಮ್ಮತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಗೇಟಿನಲ್ಲಿದ್ದ ಹುಡುಗ ನಮ್ಮ ಮೊಬೈಲ್ ನೋಡಿ ತಲೆ ಕೆರೆದುಕೊಂಡ. ‘ಮೇಡಂ, ಈ ಶೋಗೆ ನೀವಿಬ್ರೇ. ಇನ್ನೊಂದು ನಾಲ್ಕೈದು ಜನ ಬಂದ್ರೆ ಹಾಕ್ತಾರೆ’ ಅಂದ. ಹೊರಗಿನ ಬೆಂಚಿನ ಮೇಲೆ ಕೂತೆವು. ಕಾಲೇಜಿನ ಇಬ್ಬರು ಹುಡುಗರು ಬಂದರು. ವಯಸ್ಸಾದವರೊಬ್ಬರು ಪೇಪರಿನಲ್ಲಿ ಬಂದಿದ್ದ ವಿಮರ್ಶೆ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಐದು ಜನ ಆದೆವು. ಅಷ್ಟೊತ್ತಿಗೆ ಒಳಗಿಂದ ಮೇಲ್ವಿಚಾರಕರು ಬಂದು, ಐದು ಜನಕ್ಕೆ ಎಸಿ ಖರ್ಚೂ ಹುಟ್ಟಲ್ಲ, ಪಕ್ಕದ ಸ್ಕ್ರೀನಿನಲ್ಲಿ ದೊಡ್ಡ ಸಿನಿಮಾ ಇದೆ, ಅದನ್ನೇ ನೋಡಿಕೊಂಡು ಹೋಗಿ ಅಂದರು.

ಆ ವಯಸ್ಸಾದವರು ‘ನಾನು ಬಂದಿದ್ದು ಇದಕ್ಕೆ ಅಲ್ವಲ್ಲಪ್ಪ’ ಅಂತ ಒಂದೇ ಮಾತು ಹೇಳಿ ಮೆಟ್ಟಿಲು ಇಳಿದರು. ನಮ್ಮ ದುಡ್ಡು ನಾಲ್ಕು ದಿನಕ್ಕೆ ವಾಪಸ್ ಬಂತು, ಆಪಿನವರ ಚಾರ್ಜು ಹಿಡಿದುಕೊಂಡು. ಆಟೋದ ದುಡ್ಡು ಯಾರು ಕೊಡುತ್ತಾರೆ? ಮಾರನೇ ದಿನ ಸಿನಿಮಾವೇ ಇರಲಿಲ್ಲ. ಅದೇ ವಾರ ಆ ಸಿನಿಮಾದ ಹುಡುಗರು ಫೇಸ್‌ಬುಕ್ಕಿನಲ್ಲಿ ವಿಡಿಯೊ ಹಾಕಿ, ದಯವಿಟ್ಟು ಥಿಯೇಟರಿಗೆ ಬನ್ನಿ ಅಂತ ಕೇಳಿಕೊಳ್ಳುತ್ತಿದ್ದರು. ನಮ್ಮತ್ತೆ ಅದನ್ನು ನೋಡಿ, ‘ಅಂಗಡಿಗೆ ಬೀಗ ಹಾಕ್ಕೊಂಡು ಗಿರಾಕಿ ಬರಲಿಲ್ಲ ಅಂದಂಗಾತು’ ಅಂದರು.

ಮಾಲೀಕರ ಕಷ್ಟ ಇಲ್ಲ ಅಂತ ನಾನು ಹೇಳುವುದಿಲ್ಲ. ಕರೆಂಟ್ ಬಿಲ್ಲು, ಸಂಬಳ, ತೆರಿಗೆ ಎಲ್ಲ ಇದೆ. ಒಂದು ಪರದೆಯ ಎಷ್ಟೋ ಟಾಕೀಸುಗಳು ನಮ್ಮ ಕಣ್ಣೆದುರೇ ಕಲ್ಯಾಣ ಮಂಟಪ ಆದವು, ಅಂಗಡಿ ಸಾಲು ಆದವು. ಐದು ಜನಕ್ಕೆ ಶೋ ಹಾಕಿದರೆ ನಷ್ಟವೇ. ಆದರೆ ಆ ಐದು ಜನರೇ ಮಾರನೇ ದಿನಕ್ಕೆ ಹದಿನೈದು ಜನರನ್ನು ಕಳಿಸುವವರು. ಬೇರೆ ಯಾವ ಜಾಹೀರಾತೂ ಆ ಸಿನಿಮಾಗೆ ಇರಲಿಲ್ಲ.

ಇನ್ನು ನಮ್ಮ ರುಚಿಯ ವಿಷಯ. ನೀವು ನಮ್ಮನ್ನು ‘ಮಾಸ್’, ‘ಕ್ಲಾಸ್’ ಅಂತ ಎರಡು ಪಂಕ್ತಿ ಮಾಡಿ ಕೂರಿಸಿದ್ದೀರಿ. ನಮ್ಮ ಮನೆಗೆ ಬಂದು ನೋಡಿ, ಒಂದೇ ಸೋಫಾದ ಮೇಲೆ ಎರಡೂ ಕೂತಿರುತ್ತವೆ.

‘ಕೆಜಿಎಫ್’ ಎರಡೂ ಭಾಗ ನಾನು ಥಿಯೇಟರಿನಲ್ಲಿ ನೋಡಿದ್ದೇನೆ, ಸೀಟಿಯನ್ನೂ ಹೊಡೆದಿದ್ದೇನೆ. 2018ರ ಮೊದಲ ಭಾಗ ನನಗೆ ಜಾಸ್ತಿ ಇಷ್ಟ. ಅದರಲ್ಲಿ ಗಣಿಯೊಳಗಿನ ಧೂಳು ನಮ್ಮ ಮೂಗಿಗೂ ಬರುತ್ತದೆ ಅನ್ನಿಸುತ್ತಿತ್ತು, ತಾಯಿಗೆ ಕೊಟ್ಟ ಮಾತು ಕತೆಯನ್ನು ಹಿಡಿದಿಟ್ಟಿತ್ತು. ಎರಡನೆಯದರಲ್ಲಿ ಎಲ್ಲರೂ ನಾಯಕ ರಾಕಿಯ ಬಗ್ಗೆಯೇ ಮಾತಾಡುತ್ತಾರೆ, ರಾಕಿಯೂ ಸೇರಿ. ಆದರೂ ಪೊಲೀಸ್ ಸ್ಟೇಷನ್ನಿನ ಮುಂದೆ ದೊಡ್ಡ ಗನ್ನಿನಿಂದ ಗುಂಡು ಸುರಿಸಿ, ಕೆಂಪಗೆ ಕಾದ ಅದರ ಕೊಳವೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಾನಲ್ಲ, ಅಲ್ಲಿ ಇಡೀ ಥಿಯೇಟರು ಎದ್ದು ನಿಂತಿತ್ತು. ಅದು ಸುಮ್ನೆ ಆಗುವುದಿಲ್ಲ. ಅದೂ ಒಂದು ಕಸುಬು. ಮಾಸ್ ಸಿನಿಮಾ ಅಂದರೆ ಕಡಿಮೆ ಅನ್ನುವವರ ಜೊತೆ ನಾನಿಲ್ಲ.

‘ಕಾಂತಾರ’ದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಬೈಯುವವರಿದ್ದಾರೆ, ಆದರೂ ಹೇಳುತ್ತೇನೆ. ಶುರುವಿನ ಭೂತಕೋಲ ಮತ್ತು ಕೊನೆಯ ಇಪ್ಪತ್ತು ನಿಮಿಷ ಕನ್ನಡ ತೆರೆ ಮೇಲೆ ಬಂದ ಅತ್ಯುತ್ತಮ ಕೆಲಸಗಳಲ್ಲಿ ಸೇರುತ್ತವೆ. ನಡುವಿನ ಪ್ರೀತಿಯ ಪ್ರಕರಣ ನನಗೆ ಹಿಡಿಸಲಿಲ್ಲ. ಒಬ್ಬ ಹುಡುಗಿಯ ಸೊಂಟ ಚಿವುಟುವುದನ್ನು ತಮಾಷೆ ಅಂತ ಇನ್ನೂ ಎಷ್ಟು ದಿನ ತೋರಿಸುತ್ತೀರಿ? ಬಾಲ್ಕನಿಯಲ್ಲಿ ನನ್ನ ಪಕ್ಕ ಕೂತ ಪಿಯುಸಿ ಹುಡುಗಿಯರು ನಗಲಿಲ್ಲ. ಹಿಂದಿನ ಸಾಲಿನ ಹುಡುಗರು ನಕ್ಕರು. ದೊಡ್ಡ ಸಿನಿಮಾ ಮಾಡುವವರು ಈ ಒಂದು ವಿಷಯವನ್ನು ಬರೆದಿಟ್ಟುಕೊಂಡರೆ ಸಾಕು.

ಇನ್ನು ‘ತಿಥಿ’. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು, ಮಾರನೇ ವರ್ಷ ನಮ್ಮ ಥಿಯೇಟರಿಗೆ ಬಂತು. ಮಂಡ್ಯ ಕಡೆಯ ಹಳ್ಳಿ. ಕ್ಯಾಮೆರಾ ಮುಂದೆ ಎಂದೂ ನಿಲ್ಲದ ಊರ ಜನರೇ ಪಾತ್ರಧಾರಿಗಳು. ಪ್ರಶಸ್ತಿ ಸಿನಿಮಾ ಅಂದರೆ ನಿದ್ದೆ ಬರುತ್ತೆ ಅಂತ ನಮ್ಮ ಮನೆಯವರು ಬರಲು ಒಪ್ಪಿರಲಿಲ್ಲ. ಗಡ್ಡಪ್ಪ ಅನ್ನುವ ಮುದುಕ ಮೊದಲ ಸಲ ಕಿಸೆಯಿಂದ ಬಾಟಲಿ ತೆಗೆದಾಗ ಶುರುವಾದ ಅವರ ನಗು ಕೊನೆಯವರೆಗೆ ನಿಲ್ಲಲಿಲ್ಲ. ನಿಂತದ್ದು ಒಂದೇ ಕಡೆ. ರಾತ್ರಿ ಕುರಿಗಾಹಿಗಳ ನಡುವೆ ಕೂತು ಗಡ್ಡಪ್ಪ ತನ್ನ ಹಳೆಯ ಕತೆ ಹೇಳುತ್ತಾನಲ್ಲ, ಅಲ್ಲಿ. ಅಲ್ಲಿಯವರೆಗೆ ನಾವು ಯಾರನ್ನು ನೋಡಿ ನಗುತ್ತಿದ್ದೆವೋ ಆ ಮನುಷ್ಯ ಯಾಕೆ ಹಾಗೆ ಅಲೆಯುತ್ತಾನೆ ಅಂತ ಗೊತ್ತಾಗುತ್ತದೆ. ಅಳು ಇಲ್ಲ, ಹಿಂದೆ ಪಿಟೀಲು ಇಲ್ಲ. ಸುಮ್ನೆ ಹೇಳಿ ಮುಗಿಸುತ್ತಾನೆ. ನಮ್ಮ ಮನೆಯವರು ‘ಕೆಜಿಎಫ್’ ಅನ್ನು ಎಷ್ಟು ಹೊಗಳಿದ್ದಾರೋ ಇದನ್ನೂ ಅಷ್ಟೇ ಹೊಗಳಿದ್ದಾರೆ. ಹಾಗಾದರೆ ಅವರು ಮಾಸೋ, ಕ್ಲಾಸೋ?

‘ಹರಿವು’ ಮಾತ್ರ ನಾನು ಇನ್ನೊಮ್ಮೆ ನೋಡಲಾರೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗನ ಹೆಣವನ್ನು ತಂದೆ ಟ್ರಂಕಿನಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ತರುತ್ತಾನೆ. ಗಾಡಿ ಮಾಡಿಕೊಂಡು ಹೋಗಲು ಅವನ ಹತ್ತಿರ ದುಡ್ಡಿಲ್ಲ. ಆ ಟ್ರಂಕು ನಮ್ಮೆಲ್ಲರ ಮನೆಯ ಅಟ್ಟದ ಮೇಲೆ ಇರುವಂಥದೇ. ರಾಷ್ಟ್ರಪ್ರಶಸ್ತಿ ಬಂದ ಸಿನಿಮಾ ಅದು. ಇಂಥದ್ದನ್ನು ಜನ ಮನೆಮಂದಿಯೆಲ್ಲ ಸೇರಿ ಬಂದು ನೋಡುತ್ತಾರೆ ಅಂತ ನಾನೂ ಹೇಳುವುದಿಲ್ಲ. ಆದರೆ ನೋಡಬೇಕು ಅನ್ನುವವರಿಗೆ ಒಂದು ದಾರಿ ಬೇಕಲ್ಲ.

‘ಶಿವಮ್ಮ ಯರೇಹಂಚಿನಾಳ’ ನೋಡಿ. 2022ರಲ್ಲಿ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದದ್ದು ಪೇಪರಿನಲ್ಲಿ ಓದಿದೆವು. ಇಲ್ಲಿ ಬಿಡುಗಡೆ ಆಗಿದ್ದು 2024ರ ಜೂನ್‌ನಲ್ಲಿ. ಕೊಪ್ಪಳ ಜಿಲ್ಲೆಯ ಹಳ್ಳಿಯ ಕತೆ. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು, ಕೈಲಾಗದ ಗಂಡ, ಶಕ್ತಿಯ ಪುಡಿ ಮಾರಿದರೆ ಲಕ್ಷಾಧಿಪತಿ ಆಗುತ್ತೀರಿ ಅನ್ನುವ ಕಂಪನಿ. ನಮ್ಮ ಬ್ಯಾಂಕಿನ ಕೌಂಟರಿನ ಮುಂದೆ ಇಂಥ ಹೆಣ್ಣುಮಕ್ಕಳು ವಾರಕ್ಕೊಬ್ಬರಾದರೂ ನಿಲ್ಲುತ್ತಾರೆ. ಇಟ್ಟ ಠೇವಣಿ ಮುರಿಸಿ ‘ಇನ್ನು ಮೂರು ತಿಂಗಳಿಗೆ ಡಬಲ್ ಆಗುತ್ತೆ ಮೇಡಂ’ ಅನ್ನುತ್ತಾರೆ. ಈ ಸಿನಿಮಾ ನೋಡಬೇಕಾದವರು ಬುಸಾನಿನವರಾ, ನಮ್ಮ ಸ್ವಸಹಾಯ ಸಂಘದವರಾ? ಸಂಘದ ಹೆಣ್ಣುಮಕ್ಕಳನ್ನು ಗುಂಪು ಗುಂಪಾಗಿ ಕರೆದುಕೊಂಡು ಹೋಗಬಹುದಿತ್ತು. ಯಾರೂ ನಮ್ಮನ್ನು ಕೇಳಲಿಲ್ಲ.

ಸಣ್ಣ ಸಿನಿಮಾ ಮಾಡುವವರಿಗೂ ಎರಡು ಮಾತು ಹೇಳಬೇಕು. ಅವರ ತಪ್ಪೂ ಕಮ್ಮಿ ಇಲ್ಲ. ಪೋಸ್ಟರ್ ತುಂಬ ಚಿತ್ರೋತ್ಸವಗಳ ಎಲೆ ಎಲೆ ಗುರುತು ಅಂಟಿಸುತ್ತೀರಿ. ಕತೆ ಏನು, ನಾನು ಯಾಕೆ ಬರಬೇಕು ಅನ್ನುವುದು ಎಲ್ಲೂ ಇರುವುದಿಲ್ಲ. ಇಂಥ ಶುಕ್ರವಾರ ಬಿಡುಗಡೆ ಅಂತ ಬುಧವಾರ ಗೊತ್ತಾಗುತ್ತದೆ. ಇನ್ನು ಕೆಲವು ಸಿನಿಮಾಗಳಲ್ಲಿ ಮನುಷ್ಯ ಬಾವಿಯಿಂದ ನೀರು ಸೇದಿ ಮನೆಗೆ ಹೋಗುವುದನ್ನು ಪೂರ್ತಿ ತೋರಿಸುತ್ತೀರಿ. ನಿಧಾನ ಇದ್ದರೆ ಅದು ಕಲೆ ಅಂತ ಯಾರೋ ನಿಮಗೆ ಹೇಳಿಕೊಟ್ಟ ಹಾಗಿದೆ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ ಕೂಡ ನಿಧಾನವೇ. ಆದರೆ ಮೀನುಗಾರರ ಕೇರಿಯಲ್ಲಿ ಗುಲಾಬಿಯ ಮನೆಗೆ ಟಿವಿ ಬಂದ ಮೇಲೆ, ಯಾರು ಒಳಗೆ ಬಂದು ಕೂತರು, ಯಾರು ಹೊಸ್ತಿಲ ಹೊರಗೆ ನಿಂತೇ ನೋಡಿದರು ಅನ್ನುವುದರಲ್ಲೇ ಊರಿನ ಒಡಕೆಲ್ಲ ಕಾಣುತ್ತದೆ. ಒಂದು ಹೊತ್ತೂ ದಂಡ ಅನ್ನಿಸುವುದಿಲ್ಲ. ಪೃಥ್ವಿ ಕೊಣನೂರರ ‘ಹದಿನೇಳೆಂಟು’ವಿನಲ್ಲಿ ಬಹುಪಾಲು ಜನ ಕೂತು ಮಾತಾಡುವುದೇ. ಆದರೂ ಖಾಸಗಿ ವಿಡಿಯೊ ಹೊರಬಿದ್ದು ಪ್ರಿನ್ಸಿಪಾಲರ ಕೋಣೆಯಲ್ಲಿ ನಿಂತ ಕಾಲೇಜಿನ ಹುಡುಗ ಹುಡುಗಿಯ ಗತಿ ಏನಾಗುತ್ತದೋ ಅಂತ ನಾನು ಸೀಟಿನ ತುದಿಗೆ ಬಂದಿದ್ದೆ. ಒಂದೇ ತಪ್ಪಿಗೆ ಹುಡುಗನಿಗೆ ಎಷ್ಟು, ಹುಡುಗಿಗೆ ಎಷ್ಟು, ಅವಳ ಜಾತಿಗೆ ಎಷ್ಟು ಅಂತ ತೂಗುತ್ತಾರಲ್ಲ, ಅದಕ್ಕಿಂತ ಥ್ರಿಲ್ಲರ್ ಬೇಕಾ?

ಇನ್ನೊಂದು ವಿಷಯ ದಯವಿಟ್ಟು ಬಿಡಿ. ‘ಕನ್ನಡಕ್ಕೋಸ್ಕರ ಬನ್ನಿ’ ಅನ್ನುವುದು. ನಾನು ಕನ್ನಡಕ್ಕೋಸ್ಕರ ಸಿನಿಮಾಗೆ ಹೋಗುವುದಿಲ್ಲ. ಸಿನಿಮಾಗೋಸ್ಕರ ಹೋಗುತ್ತೇನೆ, ಅದು ಕನ್ನಡದಲ್ಲಿದ್ದರೆ ಖುಷಿ ಜಾಸ್ತಿ ಆಗುತ್ತದೆ. ಕರುಣೆಯಿಂದ ಟಿಕೆಟ್ ತಗೊಂಡವರು ಎರಡನೇ ಸಲ ಬರುವುದಿಲ್ಲ. 2013ರಲ್ಲಿ ಬಂದ ‘ಲೂಸಿಯಾ’ ಮಾಡಲು ನಿರ್ದೇಶಕ ಪವನ್ ಕುಮಾರ್ ಜನರ ಹತ್ತಿರವೇ ದುಡ್ಡು ಕೇಳಿದಾಗ, ಕತೆಯ ಮೇಲಿನ ನಂಬಿಕೆಯಿಂದ ಜನ ಕೊಟ್ಟರು. ಹತ್ತು ವರ್ಷದ ಮೇಲೆ ತೇಜಸ್ವಿಯವರ ಕತೆ ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ಗೂ ತೇಜಸ್ವಿಯವರನ್ನು ಓದಿ ಬೆಳೆದವರೇ ಸೇರಿ ಬಂಡವಾಳ ಹಾಕಿದರು. ಟಿಕೆಟ್ ತಗೊಳ್ಳದ ಜನ ಅಂತ ನೀವು ಬೈಯುವವರೇ ಸಿನಿಮಾಗೆ ಬಂಡವಾಳ ಹಾಕಿದವರು.

ಸರಿ, ನಮಗೆ ಏನು ಬೇಕು ಅಂತ ಹೇಳುತ್ತೇನೆ.

ಮೊದಲು ಹೊತ್ತು. ಸಣ್ಣ ಸಿನಿಮಾಗೆ ಬೆಳಗ್ಗೆ ಹತ್ತರ ಶೋ ಕೊಟ್ಟು ಜನ ಬರಲಿಲ್ಲ ಅನ್ನಬೇಡಿ. ಹತ್ತಕ್ಕೆ ನಾನು ಕೌಂಟರಿನಲ್ಲಿರುತ್ತೇನೆ, ಮೇಷ್ಟ್ರು ಶಾಲೆಯಲ್ಲಿರುತ್ತಾರೆ, ರೈತ ಹೊಲದಲ್ಲಿರುತ್ತಾನೆ. ಮಹಾರಾಷ್ಟ್ರದಲ್ಲಿ 2015ರಲ್ಲೇ ಸರ್ಕಾರ ಮಲ್ಟಿಪ್ಲೆಕ್ಸಿನವರಿಗೆ ಮಧ್ಯಾಹ್ನ 12ರಿಂದ ರಾತ್ರಿ 9ರ ನಡುವೆ ಮರಾಠಿ ಸಿನಿಮಾ ಹಾಕಿ ಅಂತ ಹೇಳಿತು. ಇಲ್ಲಿ ಸರ್ಕಾರ ಹೇಳುವ ತನಕ ಯಾಕೆ ಕಾಯಬೇಕು? ನೀವೇ ಕೂತು ಒಪ್ಪಂದ ಮಾಡಿಕೊಳ್ಳಿ. ಜಿಲ್ಲಾ ಕೇಂದ್ರದಲ್ಲಿ ಒಂದು ಪರದೆ, ಸಂಜೆಯ ಒಂದು ಶೋ, ಏಳು ದಿನ, ಜನ ಬರಲಿ ಬಿಡಲಿ. ಮೊದಲ ವಾರ ಓಡಲಿಲ್ಲವಾದರೆ ತೆಗೆಯಿರಿ, ನಾನು ಕೇಳುವುದಿಲ್ಲ. ಆದರೆ ಶನಿವಾರ ಮಧ್ಯಾಹ್ನಕ್ಕೇ ತೆಗೆಯಬೇಡಿ.

ಆಪಿನಲ್ಲಿ ಟಿಕೆಟ್ ಮಾರಿದ ಶೋ ಹಾಕಲೇಬೇಕು. ಹಾಕಲು ಆಗುವುದಿಲ್ಲ ಅಂದರೆ ಎರಡು ಗಂಟೆ ಮೊದಲು ಮೆಸೇಜು ಕಳಿಸಿ, ಪೂರ್ತಿ ದುಡ್ಡು ಕೊಡಿ. ಬಸ್ಸಿನವರೂ ಇಷ್ಟು ಮಾಡುತ್ತಾರೆ.

ಟಿಕೆಟ್ ದರದ ಜಗಳ ನಮ್ಮೂರಿಗೆ ಅಷ್ಟಾಗಿ ತಟ್ಟಿಲ್ಲ, ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ನಮ್ಮಣ್ಣನ ಮನೆಯವರು ಕೊಡುವ ದುಡ್ಡಿನಲ್ಲಿ ನಾವು ಸಿನಿಮಾ ನೋಡಿ, ಮಂಡಕ್ಕಿ ಮಿರ್ಚಿ ತಿಂದು, ಆಟೋದಲ್ಲಿ ಮನೆಗೆ ಬರುತ್ತೇವೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಕೋರ್ಟು ಏನಾದರೂ ಹೇಳಲಿ, ಸಣ್ಣ ಸಿನಿಮಾಗೆ ನೀವೇ ದರ ಇಳಿಸಬಹುದಲ್ಲ? ನೂರಾರು ಕೋಟಿಯ ಸಿನಿಮಾಗೂ ಒಂದು ಕೋಟಿಯ ಸಿನಿಮಾಗೂ ಒಂದೇ ದರ ಇಟ್ಟರೆ, ಇಬ್ಬರು ಮಕ್ಕಳಿರುವ ಮನೆಯವರು ಯಾವುದಕ್ಕೆ ಹೋಗುತ್ತಾರೆ? 2022ರ ಸೆಪ್ಟೆಂಬರ್ 23ರಂದು ದೇಶದ ಮಲ್ಟಿಪ್ಲೆಕ್ಸುಗಳು ಸಿನಿಮಾ ದಿನ ಅಂತ 75 ರೂಪಾಯಿಗೆ ಟಿಕೆಟ್ ಕೊಟ್ಟವು. ಅವತ್ತು ಥಿಯೇಟರುಗಳು ತುಂಬಿದ್ದನ್ನು ನೀವೂ ನೋಡಿದ್ದೀರಿ. ಸಣ್ಣ ಸಿನಿಮಾಗಳಿಗೆ ಪ್ರತಿ ಮಂಗಳವಾರ ಹಾಗೆ ಮಾಡಿ ನೋಡಿ.

ಬಾಡಿಗೆ ಪದ್ಧತಿಯ ಬಗ್ಗೆ ಹೊರಗಿನವಳಾಗಿ ಒಂದು ಮಾತು. ಸಿನಿಮಾ ಓಡಲಿ, ಮುಗ್ಗರಿಸಲಿ, ನಿರ್ಮಾಪಕ ವಾರದ ಬಾಡಿಗೆ ಕಟ್ಟಲೇಬೇಕು ಅನ್ನುವುದು ಹೊಸಬರ ಕತ್ತಿಗೆ ಹಗ್ಗ. ಬಂದ ದುಡ್ಡನ್ನು ಶೇಕಡಾ ಲೆಕ್ಕದಲ್ಲಿ ಹಂಚಿಕೊಂಡರೆ, ಸಿನಿಮಾ ಓಡಬೇಕು ಅನ್ನುವ ಆಸೆ ಥಿಯೇಟರಿನವರಿಗೂ ಹುಟ್ಟುತ್ತದೆ. ಪೋಸ್ಟರ್ ಸರಿಯಾಗಿ ಅಂಟಿಸುತ್ತಾರೆ. ಇದು ಎಷ್ಟೋ ವರ್ಷದಿಂದ ನಿಮ್ಮ ನಿಮ್ಮಲ್ಲಿ ಚರ್ಚೆ ಆಗುತ್ತಲೇ ಇದೆ, ನಾವು ಓದುತ್ತಲೇ ಇದ್ದೇವೆ.

ವರ್ಷಕ್ಕೆ 200ರ ಆಸುಪಾಸು ಕನ್ನಡ ಸಿನಿಮಾ ಬರುತ್ತವೆ. ಕೆಲವು ಶುಕ್ರವಾರ ಏಳೆಂಟು ಒಟ್ಟಿಗೆ ಬಂದು ಬೀಳುತ್ತವೆ. ಮುಂದಿನ ಎರಡು ವಾರ ಏನೂ ಇರುವುದಿಲ್ಲ. ಮದುವೆ ಮನೆಯವರು ಕೂಡ ಬೀದಿಯಲ್ಲಿ ಇನ್ನೊಂದು ಮದುವೆ ಇದೆಯಾ ಅಂತ ವಿಚಾರಿಸಿ ದಿನ ಇಡುತ್ತಾರೆ. ನಿಮಗೆ ಚಲನಚಿತ್ರ ವಾಣಿಜ್ಯ ಮಂಡಳಿಯೇ ಇದೆ, ದಿನ ಹೊಂದಿಸಿಕೊಳ್ಳಲು ಏನು ಅಡ್ಡಿ?

ಇನ್ನು ಥಿಯೇಟರಿನಿಂದ ಹೋದ ಮೇಲೆ ಸಿನಿಮಾ ಎಲ್ಲಿ ಸಿಗುತ್ತದೆ ಅನ್ನುವುದು. ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಥಿಯೇಟರಿನಲ್ಲಿ ಅಷ್ಟಾಗಿ ನಡೆಯಲಿಲ್ಲ. ಆಮೇಲೆ ಮನೆಯಲ್ಲಿ ನೋಡಿದವರೇ ಅದನ್ನು ತಲೆ ಮೇಲೆ ಹೊತ್ತುಕೊಂಡು ಮೆರೆಸಿದರು. ಎರಡನೇ ಬದುಕು ಸಿಗುವುದು ಹಾಗೆ. ಈಗ ದೊಡ್ಡ ಒಟಿಟಿಗಳು ಕನ್ನಡದ ಸಣ್ಣ ಸಿನಿಮಾ ಬೇಡ ಅನ್ನುತ್ತಿವೆ. ರಕ್ಷಿತ್ ಶೆಟ್ಟಿಯವರಂಥ ಹೆಸರಿದ್ದವರೇ 2024ರಲ್ಲಿ ‘ಏಕಂ’ ಸರಣಿಯನ್ನು ತಮ್ಮದೇ ಜಾಲತಾಣದಲ್ಲಿ ಹಾಕಬೇಕಾಯಿತು. ಅದೇ ವರ್ಷ ಕೇರಳ ಸರ್ಕಾರ ಸಿ ಸ್ಪೇಸ್ ಅಂತ ತನ್ನದೇ ಒಟಿಟಿ ಶುರು ಮಾಡಿತು, ಆಗ ಒಂದು ಸಿನಿಮಾಗೆ 75 ರೂಪಾಯಿ ಕೊಟ್ಟು ನೋಡಬಹುದಿತ್ತು. ನಮ್ಮ ಸರ್ಕಾರವೂ 2025ರ ಬಜೆಟ್ಟಿನಲ್ಲಿ ಕನ್ನಡಕ್ಕೆ ಒಟಿಟಿ ಮಾಡುತ್ತೇವೆ ಅಂದಿದೆ. ಅದು ಬರಲಿ ಅಂತ ನೀವೆಲ್ಲ ಒಟ್ಟಿಗೆ ಹೋಗಿ ಕೇಳಿ. ತೆರಿಗೆ ವಿನಾಯಿತಿ ಕೇಳಲು ಹೋಗುವಾಗ ಇರುವ ಒಗ್ಗಟ್ಟು ಇದಕ್ಕೂ ಬೇಕು.

ಸಹಾಯಧನದ ವಿಷಯವೂ ಹಾಗೆ. ಗುಣಮಟ್ಟದ ಸಿನಿಮಾ ಅಂತ ಸರ್ಕಾರ ಎಷ್ಟೋ ಸಿನಿಮಾಗಳಿಗೆ ದುಡ್ಡು ಕೊಡುತ್ತದೆ. ಅದು ನಮ್ಮ ತೆರಿಗೆಯ ದುಡ್ಡು. ಗುಣಮಟ್ಟದ್ದು ಅಂತ ಆರಿಸಿದ ಮೇಲೆ ನಮಗೆ ತೋರಿಸಬೇಡವಾ? ನನಗೆ ಅದರಲ್ಲಿ ಮುಕ್ಕಾಲು ಪಾಲಿನ ಹೆಸರೂ ಗೊತ್ತಿಲ್ಲ. ಜಿಲ್ಲಾ ಕೇಂದ್ರಗಳ ರಂಗಮಂದಿರಗಳು ವಾರದಲ್ಲಿ ಎಷ್ಟೋ ದಿನ ಖಾಲಿ ಇರುತ್ತವೆ. ಒಂದು ಪ್ರೊಜೆಕ್ಟರ್ ಇಟ್ಟು ತಿಂಗಳಿಗೆ ಎರಡು ಸಿನಿಮಾ ತೋರಿಸಿ ಅಂತ ಸಂಬಂಧಪಟ್ಟ ಇಲಾಖೆಯವರಲ್ಲಿ ಈ ಪತ್ರದ ಮೂಲಕವೇ ಕೇಳುತ್ತೇನೆ. ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. 1977ರ ಸಿನಿಮಾ, ನಮ್ಮ ಪಕ್ಕದ ಮಲೆನಾಡಿನ ಕತೆ. ವೆನಿಸ್ಸಿನಿಂದ ದಾವಣಗೆರೆಗೆ ಬರಲು ಅದಕ್ಕೆ ಎಷ್ಟು ದಿನ ಬೇಕು?

ಕೊನೆಯದಾಗಿ, ಬರೆಯಲು ಸಂಕೋಚ ಪಡಬೇಕಿಲ್ಲ, ಹೆಂಗಸರ ಶೌಚಾಲಯ. ಒಂದು ಪರದೆಯ ಟಾಕೀಸುಗಳನ್ನು ಉಳಿಸಿ ಅಂತ ದೊಡ್ಡ ದೊಡ್ಡ ಲೇಖನ ಬರುತ್ತವೆ. ಬಾಗಿಲಿಗೆ ಚಿಲಕ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ಬಲ್ಬು ಇಲ್ಲ. ನಮ್ಮತ್ತೆ ಇಂಟರ್ವಲ್ಲಿನಲ್ಲಿ ನೀರು ಕುಡಿಯುವುದಿಲ್ಲ, ಯಾಕೆ ಅಂತ ನೀವೇ ಯೋಚಿಸಿ. ಮನೆಯ ಹೆಂಗಸರು ಬರಲು ಒಪ್ಪದ ಥಿಯೇಟರಿಗೆ ಮನೆಮಂದಿ ಬರುವುದಿಲ್ಲ. ಮೊದಲು ಒಂದು ಚಿಲಕ ಹಾಕಿಸಿ. ನೂರೈವತ್ತು ರೂಪಾಯಿ ಆಗಬಹುದು.

ಈ ಪತ್ರಕ್ಕೆ ಉತ್ತರ ಬರೆಯಬೇಕು ಅಂತ ಏನಿಲ್ಲ. ಮುಂದಿನ ಸಲ ನಮ್ಮೂರಿಗೆ ಒಂದು ಸಣ್ಣ ಸಿನಿಮಾ ಬಂದಾಗ ಸಂಜೆಯ ಶೋ ಗುರುವಾರದ ತನಕ ಆಪಿನಲ್ಲಿ ಕಾಣಿಸಲಿ, ಸಾಕು. ಟಿಕೆಟ್ ನಾನು ತಗೊಳ್ಳುತ್ತೇನೆ.

ಇಂತಿ ತಮ್ಮ,
ದಾವಣಗೆರೆಯ ಒಬ್ಬ ಪ್ರೇಕ್ಷಕಿ